ಷರಾ

ಹೆಡ್ ಆಫೀಸಿನ ನಮೂನೆಯಲ್ಲಿ ಒಂಬತ್ತು ಕಲಂ.
ಕ್ರಮಸಂಖ್ಯೆ, ಹೆಸರು, ಗಂಡನದೋ ತಂದೆಯದೋ ಹೆಸರು,
ಮನೆಯಲ್ಲಿ ಬಾಯಿ ಎಷ್ಟು,
ದುಡಿಮೆ ಏನಿತ್ತು –
ಏನಿದೆ ಅಂತ ಕೇಳಿರಲಿಲ್ಲ, ತಿಳಿದವರು.
ಆಮೇಲೆ ಕಿಟ್ಟು, ತಾರೀಕು, ಹೆಬ್ಬೆಟ್ಟು.
ಕಟ್ಟಕಡೆಗೆ, ಹಾಳೆಯ ಅಂಚಿಗೆ ಒತ್ತಿಕೊಂಡು,
ಒಂದು ಬೆರಳಗಲ: ಷರಾ.

ಆ ಏಪ್ರಿಲ್ಲಿನಲ್ಲಿ ಶಿಡ್ಲಘಟ್ಟದ
ಗೂಡಿನ ಮಾರುಕಟ್ಟೆಗೆ ಬೀಗ.
ಕೊಳ್ಳುವವರಿಲ್ಲದ ಗೂಡನ್ನು ಒಳಗಿನಿಂದಲೇ ಕೊರೆದು
ಚಿಟ್ಟೆಗಳು ಹೊರಬಂದವು,
ಹಾರಲು ಬಾರದೆ ಗೋಡೆಯ ಮೇಲೆ ಮೊಟ್ಟೆಯಿಟ್ಟು ಸತ್ತವು.
ಚರಕದ ಸದ್ದು ನಿಂತ ಕೇರಿಯಲ್ಲಿ
ಮಕ್ಕಳು ನಿದ್ದೆ ಬಾರದೆ ಅತ್ತವು.
ಹುಳ ಬೆಂದ ನಾತವನ್ನೂ
ಜನ ಹಬ್ಬದ ಅಡುಗೆಯಂತೆ ನೆನೆದರು.

ಚರ್ಚಿನ ಹಿಂದೆ ಸಂಡೇ ಸ್ಕೂಲಿನ ಕೋಣೆ.
ಪುಟ್ಟ ಪುಟ್ಟ ಬೆಂಚುಗಳ ಮೇಲೆ
ಅಕ್ಕಿ, ರಾಗಿಹಿಟ್ಟು, ತೊಗರಿಬೇಳೆ, ಎರಡು ಸೋಪು.
ತೂಕಕ್ಕೆ ಆಶೀರ್ವಾದಪ್ಪ ಮೇಷ್ಟ್ರು –
ಮುಳ್ಳು ನಿಂತ ಮೇಲೂ ಒಂದು ಹಿಡಿ ಹಾಕಿ
ನನ್ನ ಕಡೆ ನೋಡದೆ ಇರುತ್ತಿದ್ದರು.
ಲೆಕ್ಕ ತಪ್ಪುತ್ತಿತ್ತು. ನಾನೂ ನೋಡದೆ ಇದ್ದೆ.

ಸಾಲಿನಲ್ಲಿ ಖೈರುನ್ನೀಸಾ.
"ರೇಷನ್ ಅಂಗಡಿ ಮಿಷನ್ನು ನನ್ನ ಒಪ್ಪೋದಿಲ್ಲಮ್ಮ,"
ಅಂತ ಹತ್ತೂ ಬೆರಳು ಮುಂದೆ ಹಿಡಿದಳು.
ಮೂವತ್ತು ವರ್ಷ ಕುದಿನೀರಿನಲ್ಲಿ
ಎಳೆಯ ತುದಿ ಹುಡುಕಿ ಹುಡುಕಿ
ಬೆರಳ ಗೆರೆಗಳೂ ಯಾರದೋ ಸೀರೆಗೆ ಹೋಗಿದ್ದವು.
ನನ್ನ ಪುಸ್ತಕದಲ್ಲಿ ಒತ್ತಿದಳು:
ನುಣ್ಣನೆ ನೀಲಿ, ಗಾಳಿಯಿಲ್ಲದ ಹೊತ್ತಿನ ಕುಂಟೆ.
ಷರಾದಲ್ಲಿ ಬರೆದೆ – ಗೆರೆ ಇಲ್ಲ.

ಫೋನು ಬಂತು ಆಫೀಸಿನಿಂದ.
"ಕೃಪಾವತಿ, ಇದು ಯಾರ ಬೆರಳಾದರೂ ಆಗಬಹುದಲ್ಲ?
ಫೋಟೋ ಕಳಿಸಿ. ಕಿಟ್ಟು ಎದೆಮಟ್ಟ ಇರಲಿ,
ಹಿಂದೆ ಬ್ಯಾನರ್, ಮುಖ ಪೂರ್ತಿ ಕಾಣಬೇಕು."
ಮಾಸ್ಕು ನಾವೇ ಕೊಟ್ಟದ್ದು.
ತೆಗೆ ಅನ್ನಲು ಬಾಯಿ ತೆರೆದೆ,
ನನ್ನ ಮಾಸ್ಕಿನೊಳಗೇ ನನ್ನ ಉಸಿರು ಬಿಸಿಯಾಗಿ ಹೊಡೆಯಿತು.
ಬ್ಯಾನರಿನದಷ್ಟೇ ತೆಗೆದು ಕಳಿಸಿದೆ.

ಮರುವರ್ಷ ಮೇ.
ಮೇಷ್ಟ್ರನ್ನು ಜಿಲ್ಲಾಸ್ಪತ್ರೆಯಿಂದ
ಜಿಪ್ ಹಾಕಿದ ಚೀಲದಲ್ಲಿ ತಂದರು.
ಕ್ವಾಯರ್‌ನವರು ಬರಲಿಲ್ಲ. ಬೈಯಲಾರೆ, ನಾನೂ ಗೇಟಿನಾಚೆಯೇ ನಿಂತಿದ್ದೆ.
ಗುಂಡಿ ತೋಡಿದವರು ಖೈರುನ್ನೀಸಾಳ ಮಗ ಇಮ್ದಾದ್
ಮತ್ತು ಅವನ ಮೂವರು ಗೆಳೆಯರು, ರೋಜಾದ ಬಾಯಾರಿಕೆಯಲ್ಲಿ.
"ತಲೆ ಯಾವ ಕಡೆ ಇಡ್ತೀರಿ ನೀವು?"
ಎಂದು ಕೂಗಿ ಕೇಳಿದ.
ಗೊತ್ತಿದ್ದೂ ಗೊತ್ತಾಗದೆ ಕೈ ತೋರಿಸಿದೆ.

ನವೆಂಬರಿನಲ್ಲಿ ಮಳೆ ಹುಚ್ಚೆದ್ದು ಬಂತು.
ಇಪ್ಪತ್ತು ವರ್ಷ ಕ್ರಿಕೆಟ್ ಆಡಿದ ಕೆರೆ
ಮೂರೇ ರಾತ್ರಿಗೆ ಕೋಡಿ ಬಿದ್ದು
ಮೊದಲ ದಿನ ಪೂಜೆ, ಎರಡನೆಯ ದಿನ ಗೋಳು.
ಸಂಡೇ ಸ್ಕೂಲಿಗೆ ಮೊಣಕಾಲುದ್ದ ನೀರು.
ಹಂಚಲು ತಂದಿದ್ದ ಹನ್ನೊಂದು ಮೂಟೆ ಅಕ್ಕಿ
ನೀರು ಕುಡಿದು ಬಸುರಿಯರಂತೆ ಕೂತಿದ್ದವು.

ಮೂಟೆಗಳ ನಡುವೆ ನಾನು, ಬಕೆಟ್ಟು ಹಿಡಿದು, ದಡ್ಡಿಯ ಹಾಗೆ.

ಕೇರಿಯಿಂದ ಹೆಂಗಸರು ಬಂದರು, ತಲೆಯ ಮೇಲೆ ಚಂದ್ರಿಕೆ.
ಹುಳು ಗೂಡು ಕಟ್ಟುವ ಬಿದಿರ ಸುಳಿಯ ಮೇಲೆ
ಹಳೆ ದುಪಟ್ಟ, ಹಳೆ ಸೀರೆ, ಒಂದು ಲುಂಗಿ ಹಾಸಿ
ಅಕ್ಕಿ ಹರಡಿದರು, ಸಪೂರ, ಗೂಡು ಹರಡಿದ ಹಾಗೆ,
ಮಾಳಿಗೆಗಳ ಮೇಲೆ, ಬಿಸಿಲು ಇಣುಕಿದಲ್ಲೆಲ್ಲ.
ಖೈರುನ್ನೀಸಾ ಗೆರೆಯಿಲ್ಲದ ಬೆರಳಲ್ಲಿ ಕೈಯಾಡಿಸುತ್ತ
ಹಳದಿ ತಿರುಗಿದ ಕಾಳು ಆಯುತ್ತಿದ್ದಳು.
"ಮುಗ್ಗಲು ನಾತ ಹೋಗಲ್ಲ. ದೋಸೆಗೆ ಆಗ್ತದೆ."
ಒಂದು ಕಾಳು ಕಡಿದು, ನನಗೂ ಒಂದು ಕೊಟ್ಟಳು.

ಸಂಜೆ ಫೋನು.
"ಮೂಟೆ ಹನ್ನೊಂದು. ನಷ್ಟ ಎಷ್ಟು ಅಂತ
ಇವತ್ತೇ ತುಂಬಿ ಕಳಿಸಿ."
ಹೆಸರಿನ ಕಲಂ ಖಾಲಿ ಬಿಟ್ಟೆ,
ಯಾರದು ಬರೆಯುವುದು?
ಹೆಬ್ಬೆಟ್ಟಿಗೆ ನನ್ನದೇ ಒತ್ತಿದೆ.
ದಿನವಿಡೀ ನೀರಲ್ಲಿ ನೆನೆದು ಸುಕ್ಕಿದ್ದು,
ಕಲೆಯಂತೆ ಬಂತು.
ಷರಾ:
ಒಣಗುತ್ತಿದೆ.